ಪಂದ್ಯ ನೋಡಲು ಒಳ್ಳೆಯ ಜಾಗ

ಮಾಕೋ, 9 ಮಾರ್ಚ್ 1983

ಎಟಲ್ಕಾ ಅತ್ತಿಗೆಯವರಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದನ್ನು ಒಲೆಗೆ ಹಾಕಬೇಡಿ. ಐದು ವರ್ಷದಿಂದ ಹೊಸವರ್ಷಕ್ಕೊಂದು ಕಾರ್ಡು ಕೂಡ ಹಾಕದವನು ಈಗ ಯಾಕೆ ಬರೆಯುತ್ತಿದ್ದಾನೆ ಎಂದು ನೀವು ಕೇಳೇ ಕೇಳುತ್ತೀರಿ. ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಈ ಜುಲೈನಲ್ಲಿ ಬಾಲಟನ್ ಸರೋವರದಲ್ಲಿ ನೀಲಿಪಟ್ಟಿ ಹಾಯಿದೋಣಿ ಪಂದ್ಯವಿದೆಯಲ್ಲ, ಅದನ್ನು ನಾನು ನೋಡಬೇಕು.

ಹಾಯಿದೋಣಿ ಸಂಘದ ವಾರ್ತಾಪತ್ರವನ್ನು ನಾನು ಈಗಲೂ ತರಿಸುತ್ತೇನೆ. ಹೆಸರು ಕೊಟ್ಟವರ ಪಟ್ಟಿಯಲ್ಲಿ ‘ಸಾರ್ಚಾ’ ಎಂಬ ದೋಣಿಯ ಎದುರು, ಚುಕ್ಕಾಣಿ ಹಿಡಿಯುವವರ ಹೆಸರು ಶೆರೆಶ್ ಕಿಂಗಾ ಎಂದಿತ್ತು. ಹೆಸರಿನ ಮುಂದೆ ಇನ್ನೂ ನನ್ನ ಮನೆತನದ ಹೆಸರೇ ಇದೆ, ಹಾಗಾದರೆ ಮದುವೆಯಾಗಿಲ್ಲ ಎಂದುಕೊಂಡೆ. ನನ್ನ ಮಗಳ ಸುದ್ದಿ ನನಗೆ ತಲುಪುವುದು ಹೀಗೆ.

ನಾನು ಅವಳನ್ನು ನೋಡಬೇಕು, ಅವಳು ನನ್ನನ್ನು ನೋಡಬಾರದು. ಅಂಥ ಜಾಗ ಯಾವುದು, ಹೇಳಿ. ನಗಬೇಡಿ. ಮೂವತ್ತು ವರ್ಷ ನಾನು ಆ ಪಂದ್ಯ ನೋಡಿದ್ದು ತೋಳಿಗೆ ತೀರ್ಪುಗಾರರ ಪಟ್ಟಿ ಕಟ್ಟಿಕೊಂಡೇ. ಬೇಸಿಗೆ ರಜೆಗೆ ಬಂದು ಸುಮ್ಮನೆ ಕಾಲು ಚಾಚಿ ನೋಡುವವರು ಎಲ್ಲಿ ಕೂರುತ್ತಾರೋ ನನಗೆ ಗೊತ್ತಿಲ್ಲ.

ಇಲ್ಲಿ ಆರೋಗ್ಯವಾಗಿದ್ದೇನೆ. ಮಾಕೋದಲ್ಲಿ ಈರುಳ್ಳಿ ಇದೆ, ನದಿಯೂ ಒಂದಿದೆ, ಆದರೆ ಅದರಲ್ಲಿ ಹಾಯಿ ಬಿಚ್ಚುವವರಿಲ್ಲ. ಭಾನುವಾರ ಊಟದ ಮನೆಯಲ್ಲಿ ನಾನು ಕೂತರೆ ಬಡಿಸುವಾಕೆ ಬಂದು ಎದುರಿನ ಕುರ್ಚಿ ಎತ್ತಿಕೊಂಡು ಹೋಗುತ್ತಾಳೆ, ಬೇರೆ ಮೇಜಿಗೆ ಬೇಕಂತೆ. ಈಗೀಗ ಕೇಳುವುದನ್ನೂ ಬಿಟ್ಟಿದ್ದಾಳೆ.

ಕೊರ್ನೇಲ್

*

ಬಾಲಟನ್‌ಫ್ಯೂರೆದ್, 28 ಮಾರ್ಚ್

ಕೊರ್ನೇಲ್,

ಒಲೆಗೆ ಹಾಕಲಿಲ್ಲ. ಹಾಕಬೇಕು ಅಂತಲೇ ಎದ್ದಿದ್ದೆ. ನನ್ನ ತಂಗಿಯನ್ನು ಕಟ್ಟಿಕೊಂಡವನು, ಅವಳನ್ನು ಮಣ್ಣು ಮಾಡಿದ ಮೂರನೇ ವಾರಕ್ಕೆ ಮನೆ ಖಾಲಿಮಾಡಿ ಈರುಳ್ಳಿ ಊರಿಗೆ ಓಡಿದವನು, ಈಗ ಕೇಳುತ್ತಿದ್ದಾನೆ, ಪಂದ್ಯ ನೋಡಲು ಒಳ್ಳೆಯ ಜಾಗ ಯಾವುದು ಅಂತ! ನಾನೇನು ಪ್ರವಾಸಿಗಳ ಕಚೇರಿ ಇಟ್ಟುಕೊಂಡಿದ್ದೇನೆಯೇ? ನಾನು ದಡದಲ್ಲಿ ಲಾಂಗೋಶ್ ಕರಿಯುವವಳು. ಹಿಟ್ಟು ತಟ್ಟಿ ಎಣ್ಣೆಗೆ ಬಿಟ್ಟು, ಬೆಳ್ಳುಳ್ಳಿ ನೀರು ಸವರಿ, ಒದ್ದೆ ಚಡ್ಡಿಯಲ್ಲಿ ಸಾಲುಗಟ್ಟಿ ನಿಂತವರ ಕೈಗೆ ಕೊಡುವುದು ನನ್ನ ಕೆಲಸ.

ಆದರೂ ಕೇಳಿದ್ದೀಯ, ಹೇಳುತ್ತೇನೆ. ಮಾರ್ಚ್ ತಿಂಗಳಲ್ಲಿ ನನಗೂ ಮಾತಾಡಲು ಯಾರಿದ್ದಾರೆ? ಪೆಡಲ್ ದೋಣಿಗಳೆಲ್ಲ ಇನ್ನೂ ಬೋರಲು ಬಿದ್ದಿವೆ, ಅಂಗಡಿಗಳಿಗೆ ಹಲಗೆ ಬಡಿದಿದೆ. ಅಂಚೆಯವನು ಒಬ್ಬ ಬರುತ್ತಾನೆ, ಅವನಿಗೂ ಕಿವಿ ಮಂದ.

ಎಲ್ಲರೂ ಮೊದಲು ಹೇಳುವುದು ನಮ್ಮ ಫ್ಯೂರೆದ್ ದಡವನ್ನೇ. ಮರದ ನೆರಳು, ಬ್ಯಾಂಡು, ಐಸ್ಕ್ರೀಮು. ತೋಪು ಹಾರಿದ ತಕ್ಷಣ ನೂರಾರು ಹಾಯಿ ಒಟ್ಟಿಗೆ ಹೊರಡುವುದು ಕಣ್ಣೆದುರೇ ಕಾಣುತ್ತದೆ. ಆದರೆ ಅಲ್ಲಿ ನಿನ್ನ ಸಂಘದ ಮುದುಕರೆಲ್ಲ ಬೆಂಚು ಹಿಡಿದು ಕೂತಿರುತ್ತಾರೆ. ನೀನು ಬಂದ ಅರ್ಧ ಗಂಟೆಗೆ ಸರೋವರವಿಡೀ ಸುದ್ದಿ. ತಿಹಾನಿಯ ಗುಡ್ಡದ ಮೇಲೆ ಮಠದ ಜಗುಲಿ ಇದೆ. ಅಲ್ಲಿಂದ ಸರೋವರ ಪೂರ್ತಿ ಕಾಣುತ್ತದೆ, ಮನುಷ್ಯರು ಮಾತ್ರ ಕಾಣುವುದಿಲ್ಲ. ದೋಣಿಗಳು ಒಣಹಾಕಿದ ಕರ್ಚೀಫಿನ ಹಾಗೆ ಕಾಣುತ್ತವೆ, ಯಾವುದು ಯಾರದು ಅಂತ ಆ ದೇವರೇ ಹೇಳಬೇಕು. ತೆಂಕಣ ದಡದ ಶಿಯೋಫೋಕ್‌ನಲ್ಲಿ ನೀರು ಮೊಳಕಾಲಿನ ತನಕ, ಮಕ್ಕಳು ಅರ್ಧ ಮೈಲಿ ನಡೆದರೂ ಮುಳುಗುವುದಿಲ್ಲ. ಬಿಯರು, ರೇಡಿಯೋ, ಜರ್ಮನ್ನರ ಕೆಂಪು ಬೆನ್ನು. ಅಲ್ಲಿ ನಿನ್ನನ್ನು ಯಾರೂ ಗುರುತಿಸುವುದಿಲ್ಲ, ಆದರೆ ದೋಣಿಗಳು ಸುತ್ತಿ ತಿರುಗಲು ನೀರಿನಲ್ಲಿ ತೇಲಿಬಿಟ್ಟ ಗುರುತಿನ ಬುರುಡೆ ತುಂಬ ದೂರ. ಬದಚೋನಿಯ ದ್ರಾಕ್ಷಿ ತೋಟದ ನೆಲಮಾಳಿಗೆಗೆ ಹೋದವರು ಲೋಟವನ್ನೇ ನೋಡುತ್ತಾರೆ ಹೊರತು ಪಂದ್ಯವನ್ನಲ್ಲ. ದೋಣಿಗಳು ತಿರುಗಿ ನಮ್ಮ ಕಡೆ ಮರಳುವ ಆ ತುದಿಯ ಕೆಸ್ತೇಯ್‌ಗೆ ಅವು ಮುಟ್ಟುವ ಹೊತ್ತಿಗೆ ಕತ್ತಲಾಗಿರುತ್ತದೆ.

ಉಳಿದದ್ದು ಎರಡು ದಡವೂ ಹತ್ತಿರ ಬರುವ ಸರೋವರದ ಸೊಂಟ. ತಿಹಾನಿಯ ಲಾಂಚಿನ ಧಕ್ಕೆ. ಅಲ್ಲಿ ದೋಣಿಗಳು ಎರಡು ಸಲ ಹಾದುಹೋಗುತ್ತವೆ, ಮುಖ ಕಾಣುವಷ್ಟು ಹತ್ತಿರ. ಅದಕ್ಕಿಂತ ಒಳ್ಳೆಯ ಜಾಗ ಈ ಸರೋವರದಲ್ಲೇ ಇಲ್ಲ. ಅದು ನಿನಗೂ ಗೊತ್ತು. ಗೊತ್ತಿದ್ದೂ ನನ್ನನ್ನು ಕೇಳಿದ್ದೀಯ.

ಎಟಲ್ಕಾ

*

ಮಾಕೋ, 20 ಏಪ್ರಿಲ್

ಅತ್ತಿಗೆ,

ಧಕ್ಕೆಯ ಮೇಲೆ ನಾನು ಕಾಲಿಡಲಾರೆ.

ನೀವು ಆ ದಿನ ಅಂಗಡಿ ಬಿಟ್ಟು ಬಂದಿರಲಿಲ್ಲ, ಎಲ್ಲವನ್ನೂ ಕಿಂಗಾಳ ಬಾಯಿಂದಲೇ ಕೇಳಿದ್ದೀರಿ. ನನ್ನ ಬಾಯಿಂದ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ. ಎಪ್ಪತ್ತೇಳರ ಜುಲೈ. ಧಕ್ಕೆಯ ಮೇಲೆ ದಡದ ತೀರ್ಪುಗಾರನಾಗಿ ನಾನೇ ಇದ್ದೆ. ಎಲೆ ಅಲ್ಲಾಡದ ಬಿಸಿಲು. ಅವಳ ದೋಣಿ ಗಾಳಿಯಿಲ್ಲದೆ ತೇಲುತ್ತಾ ಧಕ್ಕೆಯ ಪಕ್ಕಕ್ಕೇ ಬಂದು ನಿಂತಿತು, ಮೂರು ಗಂಟೆ ಅಲ್ಲೇ ನಿಂತಿತ್ತು. ಅವರ ಕುಡಿಯುವ ನೀರು ಮುಗಿದಿತ್ತು. ಅವಳ ತುಟಿ ಒಡೆದಿದ್ದು ನನಗೂ ಕಾಣುತ್ತಿತ್ತು. ನಿಮ್ಮ ತಂಗಿ ಶಾರಿ ನನ್ನ ಪಕ್ಕದಲ್ಲೇ ಇದ್ದಳು. ನನ್ನನ್ನು ಕೇಳಲಿಲ್ಲ. ಬಗ್ಗಿ ತನ್ನ ಸೋಡಾ ಬಾಟಲಿಯನ್ನು ಮಗಳ ಕೈಗೆ ಕೊಟ್ಟಳು. ಮಗಳು ಕುಡಿದಳು.

ದಡದಿಂದ ಒಂದು ಗುಟುಕು ನೀರು ಪಡೆದರೂ ದೋಣಿ ಪಂದ್ಯದಿಂದ ಹೊರಗೆ. ಅದು ನಿಯಮ, ಚಿಕ್ಕಂದಿನಲ್ಲಿ ಅವಳಿಗೆ ಕಲಿಸಿದವನು ನಾನೇ. ಇನ್ನೊಬ್ಬ ತೀರ್ಪುಗಾರ ನನ್ನ ಭುಜ ತಟ್ಟಿ, “ಕಣ್ಣಿಗೆ ಬಿಸಿಲು ಹೊಡೀತಿತ್ತು ಅಂದ್ಬಿಡು ಮಾರಾಯ, ಯಾರ್ ಕೇಳ್ತಾರೆ?” ಎಂದ. ನಾನು ಪುಸ್ತಕ ತೆಗೆದು ಬರೆದೆ. ಅವಳ ದೋಣಿ ತನ್ನ ವರ್ಗದಲ್ಲಿ ಮೊದಲು ಬಂತು, ಸಂಜೆ ಹೆಸರು ಹೊಡೆದುಹಾಕಿದರು. ಇಪ್ಪತ್ತೆರಡು ವರ್ಷದ ಹುಡುಗಿ, ಎಲ್ಲ ಗಂಡಸರನ್ನು ಹಿಂದೆ ಹಾಕಿ ಬಂದಿದ್ದಳು.

ನಾನು ಮಾಡಿದ್ದು ಸರಿ. ಇಂದಿಗೂ ಸರಿ ಎಂದೇ ಹೇಳುತ್ತೇನೆ. ಆದರೆ ಆ ಚಳಿಗಾಲ ಪೂರ್ತಿ ಶಾರಿ ನನ್ನೊಡನೆ ಬೇಕಾದಷ್ಟೇ ಮಾತಾಡಿದಳು, ಉಪ್ಪು ಕೊಡಿ, ಬಾಗಿಲು ಹಾಕಿ ಎಂದು. ಫೆಬ್ರವರಿಯಲ್ಲಿ ಹೋಗಿಬಿಟ್ಟಳು. ಸಮಾಧಿಯ ಬಳಿ ಕಿಂಗಾ ಆ ಕಡೆ ನಿಂತಳು, ನಾನು ಈ ಕಡೆ. ಸರಿಯಾಗಿದ್ದುಕೊಂಡು ನನಗೆ ಸಿಕ್ಕಿದ್ದು ಇಷ್ಟು.

ಅವಳು ಈಗ ಹೇಗಿದ್ದಾಳೆ, ಅತ್ತಿಗೆ? ನಾನು ಕೇಳಿದೆನೆಂದು ಹೇಳಬೇಡಿ.

ಕೊರ್ನೇಲ್

*

ಬಾಲಟನ್‌ಫ್ಯೂರೆದ್, 15 ಮೇ

ಕೊರ್ನೇಲ್,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಅಂಗಡಿಗೆ ಬಣ್ಣ ಹೊಡೆಸುತ್ತಿದ್ದೆ ಎಂದು ಸುಳ್ಳು ಹೇಳಬಹುದು. ನಿಜವೇನೆಂದರೆ, ಎರಡು ಸಲ ಬರೆಯಲು ಕೂತೆ, ಎರಡು ಸಲವೂ ಅಳು ಬಂತು. ನಿನಗಾಗಿ ಅಂತ ತಿಳಿಯಬೇಡ, ನನ್ನ ತಂಗಿಗಾಗಿ.

ನಿನ್ನ ಮಗಳು ಚೆನ್ನಾಗಿದ್ದಾಳೆ. ವೆಸ್‌ಪ್ರೇಮ್‌ನ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಶನಿವಾರ ಇಲ್ಲಿಗೆ ಬಂದು ದೋಣಿಯ ತಳ ಉಜ್ಜುತ್ತಾಳೆ, ಆಮೇಲೆ ನನ್ನ ಅಡುಗೆಮನೆಯಲ್ಲಿ ಕೂತು ಮೀನಿನ ಸಾರು ಉಣ್ಣುತ್ತಾಳೆ. ಅರ್ಧ ಗಂಟೆ ಏನೂ ಮಾತಾಡದೆ ಉಣ್ಣಬಲ್ಲಳು, ಥೇಟ್ ನಿನ್ನ ಹಾಗೆ. ಒಬ್ಬ ಇದ್ದ, ಪಶುವೈದ್ಯ, ಒಳ್ಳೆಯವನೇ. ಒಂದು ದಿನ ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಬಂದೆ ಅಂತ ನಗುತ್ತಾ ಹೇಳಿದನಂತೆ. ಅಲ್ಲಿಗೆ ಮುಗಿಯಿತು. “ದೊಡ್ಡಮ್ಮ, ನಂಗೆ ಆ ಥರದೋರು ಆಗಲ್ಲ,” ಅಂದಳು. “ಯಾವ ಥರದೋರು ಆಗ್ತಾರೆ ತಾಯಿ ನಿಂಗೆ?” ಅಂದೆ. ತಟ್ಟೆ ತೊಳೆಯಲು ಎದ್ದುಹೋದಳು.

ನಿನ್ನ ಹೆಸರು ಅವಳ ಬಾಯಲ್ಲಿ ಬರುವುದಿಲ್ಲ. ಬಂದರೆ ‘ಆ ಮನುಷ್ಯ’ ಅಂತ. ನಾನು ಒಮ್ಮೆ ‘ನಿಮ್ಮಪ್ಪ’ ಅಂದದ್ದಕ್ಕೆ ಎರಡು ಶನಿವಾರ ಬರಲಿಲ್ಲ. ನನ್ನ ಮೇಜಿನಲ್ಲೂ ಕುರ್ಚಿಗಳು ಕಡಿಮೆಯೇ ಕೊರ್ನೇಲ್, ಅದಕ್ಕೇ ಆಮೇಲೆ ನಾನೂ ಆ ಮಾತು ಎತ್ತಲಿಲ್ಲ.

ಈಗ ಕೇಳು. ಧಕ್ಕೆ ಬೇಡವಾದರೆ ಲಾಂಚು ಹತ್ತು. ತಿಹಾನಿಯಿಂದ ಸಾಂತೋದ್‌ಗೆ, ಸಾಂತೋದ್‌ನಿಂದ ತಿಹಾನಿಗೆ, ಇಡೀ ದಿನ ಹೋಗಿ ಬಂದು ಮಾಡುತ್ತಲೇ ಇರುತ್ತದೆ. ಮೇಲಿನ ಅಟ್ಟದಲ್ಲಿ ಬೆಂಚಿದೆ, ಗಾಳಿಯಿದೆ. ಕೆಳಗೆ ಕಾರು ಬಸ್ಸು, ಮೇಲೆ ರಜೆಗೆ ಬಂದ ಅಜ್ಜಿಯರು. ಒಣಹುಲ್ಲಿನ ಟೋಪಿ ಹಾಕಿಕೊಂಡು ಅವರ ನಡುವೆ ಕೂತರೆ ನಿನ್ನನ್ನು ಯಾರು ನೋಡುತ್ತಾರೆ? ದೋಣಿಗಳು ನಿನ್ನ ಎರಡೂ ಪಕ್ಕದಲ್ಲಿ ಹಾದುಹೋಗುತ್ತವೆ. ‘ಸಾರ್ಚಾ’ದ ಹಾಯಿಯ ಮೇಲೆ ನಲವತ್ತೊಂದು ಅಂತ ಬರೆದಿದೆ. ಅವಳ ಜೊತೆ ಇಬ್ಬರು ಹೆಂಗಸರು, ಯುಟ್ಕಾ ಮತ್ತು ಯುಟ್ಕಾಳ ನಾದಿನಿ.

ರಾತ್ರಿ ಮಲಗಲು ನನ್ನ ಮನೆಗೆ ಬಾ. ಅವಳು ನೀರಿನ ಮೇಲಿರುತ್ತಾಳೆ, ಹೆದರಬೇಡ.

ಎಟಲ್ಕಾ

*

ಮಾಕೋ, 2 ಜುಲೈ

ಅತ್ತಿಗೆ,

ರೈಲಿನ ಟಿಕೆಟ್ ತೆಗೆದಿದ್ದೇನೆ. ಟೋಪಿಯನ್ನೂ ಕೊಂಡೆ. ಅಂಗಡಿಯವಳು “ಬಾಲಟನ್‌ಗಾ? ಮಕ್ಕಳ ಜೊತೆನಾ?” ಎಂದು ಕೇಳಿದಳು. ಹೌದು ಎಂದೆ. ಜೀವನದಲ್ಲಿ ನನ್ನ ಬಾಯಿಗೆ ಅಷ್ಟು ಸುಲಭವಾಗಿ ಬಂದ ಸುಳ್ಳು ಅದೊಂದೇ.

ದೂರದಿಂದ ನೋಡಿ ಬಂದುಬಿಡುತ್ತೇನೆ. ಬೇರೇನೂ ಇಲ್ಲ. ನನಗೆ ಅರವತ್ತೆರಡಾಯಿತು, ಪಂದ್ಯ ಎರಡು ವರ್ಷಕ್ಕೊಮ್ಮೆ.

ಕೊರ್ನೇಲ್

*

ಮಾಕೋ, 19 ಜುಲೈ

ಅತ್ತಿಗೆ,

ಹೇಳದೆ ಕೇಳದೆ ಹೊರಟುಬಂದದ್ದಕ್ಕೆ ಕ್ಷಮಿಸಿ. ನೀವು ನನಗಾಗಿ ಎರಡನೆಯ ದಿನವೂ ಮೀನಿನ ಸಾರು ಮಾಡಿಟ್ಟಿದ್ದಿರಿ. ನಾನು ಲಾಂಚಿನಿಂದ ಇಳಿದವನು ಸೀದಾ ಸ್ಟೇಷನ್ನಿಗೆ ಹೋದೆ. ನಿಮ್ಮ ಮನೆಗೆ ಬಂದರೆ ಅವಳೂ ಬರುತ್ತಿದ್ದಳು, ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಮೊದಲ ದಿನ ನೀವು ಹೇಳಿದಂತೆಯೇ ಆಯಿತು. ಅಟ್ಟದ ಬೆಂಚಿನಲ್ಲಿ ಕೂತೆ. ಒಬ್ಬ ಅಜ್ಜಿ ನನಗೆ ಚೆರಿ ಹಣ್ಣು ಕೊಟ್ಟರು, ಬೀಜ ಉಗುಳಲು ಕಾಗದದ ಚೀಲವನ್ನೂ ಕೊಟ್ಟರು. ಎಳನೀಲಿ ನೀರು, ಹಾಯಿಗಳು, ಮಕ್ಕಳ ಗಲಾಟೆ. ಹೀಗೂ ನೋಡಬಹುದಿತ್ತಲ್ಲ, ಮೂವತ್ತು ವರ್ಷ ನಾನು ನಿಯಮದ ಪುಸ್ತಕ ನೋಡಿದೆನೇ ಹೊರತು ಇದನ್ನಲ್ಲ ಎನಿಸಿತು. ಮಧ್ಯಾಹ್ನ ನಲವತ್ತೊಂದು ದೂರದಲ್ಲಿ ಹಾದುಹೋಯಿತು. ಚುಕ್ಕಾಣಿಯ ಬಳಿ ಕೂದಲು ಕಟ್ಟಿದ ಒಂದು ತಲೆ ಕಂಡಿತು. ಸಾಕು ಎಂದುಕೊಂಡೆ. ಸಾಕಾಗಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಲಾಂಚು ಹತ್ತಿದೆ.

ದೋಣಿಗಳು ಕೆಸ್ತೇಯ್‌ನಿಂದ ಮರಳಿ ಬರುತ್ತಿದ್ದವು. ಸೊಂಟದೊಳಕ್ಕೆ ಬಂದ ಕೂಡಲೇ ಗಾಳಿ ಸತ್ತಿತು. ಹತ್ತು ಹದಿನೈದು ದೋಣಿ ನೀರಿಗೆ ಮೊಳೆ ಹೊಡೆದ ಹಾಗೆ ನಿಂತವು, ಲಾಂಚಿನ ದಾರಿಯಲ್ಲೇ. ನಮ್ಮ ಕ್ಯಾಪ್ಟನ್ ಬಾಯಿಗೆ ಬಂದದ್ದು ಬೈಯುತ್ತಾ ಎಂಜಿನ್ ನಿಲ್ಲಿಸಿದ. ನನ್ನ ಕೆಳಗೆ, ಒಂದು ಕೋಣೆಯಷ್ಟು ಅಂತರದಲ್ಲಿ, ‘ಸಾರ್ಚಾ’ ಇತ್ತು.

ಅವಳು ಸೊರಗಿದ್ದಾಳೆ ಅತ್ತಿಗೆ. ಕಣ್ಣಿನ ಕೆಳಗೆ ಕಪ್ಪು. ಶಾರಿಗೆ ನಲವತ್ತಾದ ಮೇಲೆ ಬಂದ ಗೆರೆ ಇವಳಿಗೆ ಈಗಲೇ ಬಂದಿದೆ. ಅವಳ ವರ್ಗದ ಇನ್ನೊಂದು ದೋಣಿ ಸ್ವಲ್ಪ ಮುಂದಿತ್ತು. ಇಬ್ಬರೂ ತಿಹಾನಿಯ ಕಡೆಗೇ ಮುಖಮಾಡಿ ಗಾಳಿ ಅಲ್ಲಿಂದ ಬರುತ್ತದೆಂದು ಕಾಯುತ್ತಿದ್ದರು. ಎತ್ತರದಿಂದ ನನಗೆ ಕಾಣುತ್ತಿತ್ತು, ಸಾಂತೋದ್ ಕಡೆ ನೀರು ಕಪ್ಪಾಗುತ್ತಿತ್ತು. ಗಾಳಿ ಆ ಕಡೆಯಿಂದ ಬರುತ್ತಿತ್ತು, ತೆಳುವಾಗಿ, ಒಂದು ಪಟ್ಟಿಯಷ್ಟೇ. ಮೊದಲು ತಿರುಗಿಸಿದವರಿಗೆ ಸಿಕ್ಕುತ್ತಿತ್ತು.

ನಿಯಮದ ಪ್ರಕಾರ ದಡದಿಂದ ಹೇಳಿದ ಮಾತೂ ಒಂದೇ, ಕೊಟ್ಟ ನೀರೂ ಒಂದೇ. ಲಾಂಚಿನಿಂದ ಹೇಳಿದರೂ ಅಷ್ಟೇ. ಅದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಎದ್ದು ನಿಂತು ಟೋಪಿ ಕಿತ್ತುಹಾಕಿ ಕೂಗಿದೆ, “ಕಿಂಗಾ! ಸಾಂತೋದ್ ಕಡೆ ತಿರುಗ್ಸು! ಗಾಳಿ ಅಲ್ಲಿದೆ ಮಗೂ, ತಿರುಗ್ಸು!”

ಅವಳು ತಲೆ ಎತ್ತಿದಳು. ನನ್ನನ್ನು ನೋಡಿದಳು. ಎಷ್ಟು ಹೊತ್ತು ಎಂದು ಹೇಳಲಾರೆ. ಆಮೇಲೆ ಕೈ ತಾನಾಗಿ ಚುಕ್ಕಾಣಿ ತಳ್ಳಿತು, ದೋಣಿ ತಿರುಗಿತು, ಹಾಯಿ ಉಬ್ಬಿತು. ಇನ್ನೊಂದು ದೋಣಿಯನ್ನು ಹಿಂದೆ ಬಿಟ್ಟು ಹೋಗಿಯೇಬಿಟ್ಟಳು. ತಿರುಗಿ ನೋಡಲಿಲ್ಲ.

ಅಜ್ಜಿಯರು ಚಪ್ಪಾಳೆ ತಟ್ಟಿದರು. ನಾನು ಬಿದ್ದಿದ್ದ ಟೋಪಿ ಎತ್ತಿಕೊಂಡು ಬೆಂಚಿನ ಮೇಲೆ ಕೂತೆ. ಆರು ವರ್ಷದ ಹಿಂದೆ ಮಾಡಬಹುದಾಗಿದ್ದದ್ದನ್ನು ಈಗ ಮಾಡಿದೆ, ಈಗ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಅವಳು ಏನೆಂದುಕೊಂಡಳೋ! ತನಗೆ ನೀರು ಕೊಟ್ಟ ತಾಯಿಯ ಹೆಸರು ಬರೆದವನು, ಇವತ್ತು ತನಗೆ ಬೇಕಾದಾಗ ನಿಯಮ ಮುರಿದ ಎಂದುಕೊಂಡಿರಬಹುದು. ಹಾಗೆ ಅಂದುಕೊಂಡರೆ ತಪ್ಪೂ ಇಲ್ಲ.

ಕೊರ್ನೇಲ್

*

ಬಾಲಟನ್‌ಫ್ಯೂರೆದ್, 3 ಆಗಸ್ಟ್

ಕೊರ್ನೇಲ್,

ಸಾರು ಬೆಕ್ಕಿಗೆ ಹಾಕಿದೆ. ನಿನಗೆ ಬೈಯಬೇಕೆಂದಿದ್ದ ಮಾತೆಲ್ಲ ನಿನ್ನ ಕಾಗದ ಓದಿದ ಮೇಲೆ ಎಲ್ಲಿ ಹೋದವೋ.

ಇಲ್ಲಿ ಏನೋ ಆಗಿದೆ, ನಿನ್ನ ಕೂಗು ಕೇಳಿ ಯಾರಾದರೂ ದೂರು ಕೊಟ್ಟರೋ ಏನೋ, ನನಗೆ ಅರ್ಥವಾಗುತ್ತಿಲ್ಲ. ಅವಳು ಮೊದಲು ಬಂದದ್ದನ್ನು ನಾನೇ ಕಣ್ಣಾರೆ ಕಂಡೆ. ಎಣ್ಣೆ ಬಾಣಲೆ ಹಾಗೇ ಬಿಟ್ಟು ದಡಕ್ಕೆ ಓಡಿದ್ದೆ. ಸಂಜೆ ಬಹುಮಾನ ಕೊಡುವಾಗ ‘ಸಾರ್ಚಾ’ದ ಹೆಸರೇ ಕರೆಯಲಿಲ್ಲ. ಎರಡನೆಯವರಿಗೆ ಕಪ್ಪು ಕೊಟ್ಟರು. ಯುಟ್ಕಾ ಅಳುತ್ತಾ ಬಸ್ಸು ಹತ್ತಿ ಹೋದಳು. “ಏನಾಯ್ತೇ?” ಅಂತ ಕೇಳಿದೆ ಕಿಂಗಾಳನ್ನು. “ಏನಿಲ್ಲ ದೊಡ್ಡಮ್ಮ, ಸುಸ್ತಾಗಿದೆ,” ಅಂದಳು. ಮೂರು ಶನಿವಾರವಾಯಿತು, ತುಟಿಪಿಟಕ್ಕೆಂದಿಲ್ಲ.

ಮೊನ್ನೆ ಬಂದವಳು ನನ್ನ ಕಾಗದದ ಡಬ್ಬಿ ತೆಗೆದು ನಿನ್ನ ಲಕೋಟೆಯ ಹಿಂಬದಿಯನ್ನು ಹರಿದುಕೊಂಡಳು. ನನ್ನನ್ನು ಕೇಳಲಿಲ್ಲ. ನಾನೂ ಒಲೆಯ ಕಡೆ ತಿರುಗಿ ನಿಂತೆ. ಅದರಲ್ಲಿ ನಿನ್ನ ವಿಳಾಸವಿದೆ. ಬೈಯಲು ಬರೆಯುತ್ತಾಳೋ ಏನೋ. ಬೈದರೂ ಉತ್ತರ ಬರಿ.

ಎಟಲ್ಕಾ

*

ವೆಸ್‌ಪ್ರೇಮ್, 4 ಸೆಪ್ಟೆಂಬರ್

ಹೇಗೆ ಶುರುಮಾಡಬೇಕೋ ಗೊತ್ತಾಗದೆ ಐದು ವಾರ ಕಳೆಯಿತು. ಹಾಗಾಗಿ ಹೀಗೇ ಶುರುಮಾಡುತ್ತೇನೆ.

ನಾನು ನಿನ್ನನ್ನು ಕ್ಷಮಿಸಿಲ್ಲ. ಅದನ್ನು ಮೊದಲು ತಿಳಿದುಕೋ. ಅಮ್ಮ ಆ ಚಳಿಗಾಲದಲ್ಲಿ ನನಗೆ ಬರೆದ ಪ್ರತಿಯೊಂದು ಕಾಗದದಲ್ಲೂ ತನ್ನದೇ ತಪ್ಪು ಅಂತಲೇ ಬರೆದಳು. ‘ನಾನು ಬಾಟಲಿ ಕೊಡಬಾರದಿತ್ತು, ನಿನ್ನ ಬಹುಮಾನ ನನ್ನಿಂದ ಹೋಯಿತು’ ಅಂತ. ನೀನು ಒಂದೇ ಒಂದು ಸಲ ಅವಳಿಗೆ ‘ಹೋಗಲಿ ಬಿಡು ಶಾರಿ’ ಅನ್ನಬಹುದಿತ್ತು. ನೀನು ಪುಸ್ತಕದಲ್ಲಿ ಬರೆದದ್ದಕ್ಕಲ್ಲ ನನ್ನ ಸಿಟ್ಟು. ಬರೆದಾದ ಮೇಲೆ ಸುಮ್ಮನಿದ್ದದ್ದಕ್ಕೆ.

ಲಾಂಚಿನ ಮೇಲೆ ನಿನ್ನನ್ನು ನೋಡಿದಾಗ ಮೊದಲು ಸಿಟ್ಟೇ ಬಂತು. ಇಲ್ಲಿಗೂ ಬಂದನಾ ಅಂದುಕೊಂಡೆ. ಆದರೆ ಅಷ್ಟರಲ್ಲಿ ಕೈ ಚುಕ್ಕಾಣಿ ತಿರುಗಿಸಿಬಿಟ್ಟಿತ್ತು. ಐದು ವರ್ಷದವಳಿದ್ದಾಗ ಮರದ ತೊಟ್ಟಿಯಂಥ ಆ ದೋಣಿಯಲ್ಲಿ ನೀನು ಹಿಂದೆ ಕೂತು ‘ತಿರುಗ್ಸು’ ಅಂದರೆ ತಿರುಗಿಸುತ್ತಿದ್ದೆನಲ್ಲ, ಹಾಗೆ. ಯೋಚನೆ ಮಾಡಿ ತಿರುಗಿಸಲಿಲ್ಲ. ಅಲ್ಲಿಂದ ಫ್ಯೂರೆದ್‌ವರೆಗೆ ಗಾಳಿ ಚೆನ್ನಾಗಿತ್ತು. ಯುಟ್ಕಾ ಹಾಡುತ್ತಿದ್ದಳು. ನಾನು ಅಳುತ್ತಿದ್ದೆ, ಅವಳು ಖುಷಿಗೆ ಅಂದುಕೊಂಡಳು.

ದಡ ಮುಟ್ಟಿದ ಮೇಲೆ ದೋಣಿ ಕಟ್ಟಿ ತೀರ್ಪುಗಾರರ ಡೇರೆಗೆ ಹೋದೆ. ಪಂದ್ಯದಿಂದ ಹಿಂದೆ ಸರಿಯುವ ಕಾಗದ ಕೊಡಿ ಅಂದೆ. ಅಲ್ಲಿದ್ದವರು ನಿನ್ನ ಕಾಲದವರಲ್ಲ, ಕನ್ನಡಕದ ಹೊಸಬರೊಬ್ಬರು. “ಮೊದಲು ಬಂದಿದ್ದೀರಲ್ಲ, ತಲೆ ಕೆಟ್ಟಿದ್ಯಾ?” ಅಂದರು. ಹೊರಗಿನಿಂದ ಸಹಾಯ ಸಿಕ್ಕಿತು, ಗಾಳಿ ಎಲ್ಲಿದೆ ಅಂತ ಕೂಗಿ ಹೇಳಿದರು ಅಂದೆ.

“ಅಯ್ಯೋ, ಗುಂಪಲ್ಲಿ ಸಾವಿರ ಜನ ಕೂಗ್ತಾರೆ. ಅದನ್ನೆಲ್ಲ ಲೆಕ್ಕಕ್ಕೆ ಹಿಡಿಯೋಕಾಗುತ್ತಾ? ಹೋಗಿ, ಮಲ್ಕೊಳ್ಳಿ.”

“ಗುಂಪಲ್ಲ, ನಮ್ಮಪ್ಪ,” ಅಂದೆ.

ಅವರು ನನ್ನ ಮುಖ ನೋಡಿ ಕಾಗದ ಮುಂದೆ ತಳ್ಳಿದರು. ಯುಟ್ಕಾ ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ. ದೋಣಿಯ ಯಜಮಾನರು ಮುಂದಿನ ಸಲಕ್ಕೆ ಬೇರೆಯವರನ್ನು ನೋಡುತ್ತಾರಂತೆ. ಅವರನ್ನು ದೂರುವುದಿಲ್ಲ. ಕಪ್ಪು ತೆಗೆದುಕೊಂಡು ಮನೆಗೆ ಹೋಗಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ, ಏನು ಮಾಡಲಿ, ನಾನೂ ನಿನ್ನ ಥರವೇ. ಅದಕ್ಕಾಗಿ ನಿನ್ನ ಮೇಲೆ ಇನ್ನೊಂದಿಷ್ಟು ಸಿಟ್ಟಿದೆ.

ಬರಬೇಡ ಅಂತ ಹೇಳುತ್ತಿಲ್ಲ. ಬಾ ಅಂತ ಹೇಳಲು ಈಗಲೇ ಆಗುವುದಿಲ್ಲ. ನೀನು ಬರೆದರೆ ಓದುತ್ತೇನೆ.

ಹಿಂದೆ ಸರಿಯುವ ಆ ಕಾಗದದಲ್ಲಿ ಸಹಾಯ ಮಾಡಿದವರು ಯಾರು ಅಂತ ಕೇಳಿತ್ತು. ಶೆರೆಶ್ ಕೊರ್ನೇಲ್ ಅಂತ ಬರೆದು, ಪಕ್ಕದಲ್ಲಿ ‘ನನ್ನ ತಂದೆ’ ಅಂತ ಬರೆದೆ. ಕನ್ನಡಕದವರು ಓದಿ ನೋಡಿ, “ಸಂಬಂಧ ಬರೆಯೋಕೆ ಇದ್ರಲ್ಲಿ ಜಾಗ ಇಲ್ವಲ್ಲಮ್ಮ,” ಅಂದರು.

“ಇರ್ಲಿ ಬಿಡಿ, ಬರೆದಾಯ್ತು,” ಅಂದೆ.

ಕಿಂಗಾ